ಹೋಲ್ಕಮ್ ಮನೆತನದ ಸಮಾಧಿ, ಬ್ರೂನನ ಹೆಸರು

ಆ ಸಮಾಧಿಯಲ್ಲಿ ಇನ್ನೊಬ್ಬರಿಗೆ ಮಾತ್ರ ಜಾಗ ಉಳಿದಿತ್ತು. ಪೂರ್ವ ಲಂಡನ್ನಿನ ಹಳೆಯ ಸ್ಮಶಾನಗಳಲ್ಲಿ ಒಂದೇ ಗುಂಡಿಯನ್ನು ಆಳವಾಗಿ ತೋಡಿ, ಕಾಲಕಾಲಕ್ಕೆ ಒಬ್ಬರ ಮೇಲೊಬ್ಬರಂತೆ ನಾಲ್ವರನ್ನು ಹೂಳುವ ರೂಢಿ. ಮೂವರು ಆಗಲೇ ಒಳಗಿದ್ದರು. ನಾಲ್ಕನೆಯವರಾಗಿ ಅಲ್ಲಿಗೇ ಹೋಗಬೇಕೆಂದು ಹಟ ಹಿಡಿದಿದ್ದ ಮನುಷ್ಯ ಕ್ರೋಯ್ಡನ್ನಿನ ಹಾಸ್ಪಿಸ್‌ನಲ್ಲಿ ಮಲಗಿದ್ದರು. ಇನ್ನು ಔಷಧಿ ನಾಟುವುದಿಲ್ಲ ಅಂದವರನ್ನು ನೋವಿಲ್ಲದಂತೆ ನೋಡಿಕೊಳ್ಳುವ ಜಾಗ ಅದು. ಡಾಕ್ಟರು ಆರು ವಾರ ಅಂದಿದ್ದರು.

ನನ್ನ ಮನೆಗೆ ಬಂದವರು ಅವರ ಅಕ್ಕ. ಎಂಬತ್ತು ದಾಟಿದ ಹೆಂಗಸು, ಕೋಲು ಹಿಡಿದಿದ್ದರೂ ಬೆನ್ನು ನೆಟ್ಟಗೆ. ನನ್ನ ಗಂಡ ಧಾರವಾಡದಿಂದ ಬಂದು ಇಲ್ಲಿನ ಆಸ್ಪತ್ರೆಗೆ ಸೇರಿದಾಗ ಆ ವಾರ್ಡಿನ ಹಿರಿಯ ನರ್ಸ್ ಆಗಿದ್ದವರು. ಅವರನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು, ಈಗಲೂ ನಮ್ಮ ಮನೆಯಲ್ಲಿ ಅದೇ ಹೆಸರು. ಹಳೆಯ ಜರ್ಮನ್ ಕೈಬರಹ ಓದಿ ಜನರ ಮನೆತನದ ಜಾಡು ಹಿಡಿಯುವುದು ನನ್ನ ಕಸುಬು ಎಂದು ಗಂಡ ಅವರಿಗೆ ಹೇಳಿದ್ದರಂತೆ.

"ಸ್ಮಶಾನದ ಆಫೀಸಿನವರು ಒಂದು ಪ್ರಶ್ನೆ ಕೇಳಿದ್ದಾರೆ, ನನಗೆ ಉತ್ತರ ಗೊತ್ತಿಲ್ಲ," ಅಂದರು ಸಿಸ್ಟರ್, ಕೋಟೂ ತೆಗೆಯದೆ. "ಅವರ ಪುಸ್ತಕದಲ್ಲಿ ಸಮಾಧಿಯ ಹಕ್ಕುದಾರ ಹೆರ್ಮನ್ ಬ್ರೂನ ಅಂತ ಇದೆ. ನಾವು ಹೋಲ್ಕಮ್. ಆ ಬ್ರೂನನಿಗೂ ನಿಮಗೂ ಏನು ಸಂಬಂಧ, ತೋರಿಸಿ ಅಂತಾರೆ. ಇಲ್ಲದಿದ್ದರೆ ಗುಂಡಿ ತೆಗೆಯುವ ಹಾಗಿಲ್ಲವಂತೆ."

ಒಳಗಿದ್ದ ಮೂವರ ಹೆಸರು ಬರೆದುಕೊಂಡೆ. ಮೊದಲು ಹೂಳಿದ್ದು ಲೂಯಿಸ ಬ್ರೂನ ಎಂಬಾಕೆಯನ್ನು. ಆಮೇಲೆ ಹೆರ್ಮನ್ ಬ್ರೂನ. ಎಷ್ಟೋ ವರ್ಷಗಳ ನಂತರ ಸಿಸ್ಟರ್ ಅವರ ಅಜ್ಜ ಅಗಸ್ಟ್ ಹೋಲ್ಕಮ್. ಮೇಲಿನ ಕಲ್ಲು ಯುದ್ಧದ ಬಾಂಬಿಗೆ ಪುಡಿಯಾಗಿತ್ತು. ಅಪ್ಪ ಅಮ್ಮ ಬೇಗ ಹೋದ ಮೇಲೆ ಈ ಅಕ್ಕ ತಮ್ಮ ಇಬ್ಬರನ್ನೂ ಸಾಕಿದ್ದು ಅಜ್ಜ. ಬೇಕರಿ ನಡೆಸುತ್ತಿದ್ದರು. ಹಿಟ್ಟಿನ ಚೀಲದ ಮೇಲೆ ಮಲಗಿ ಬೆಳೆದ ಆ ತಮ್ಮನಿಗೆ ಹೆಂಡತಿ ಮಕ್ಕಳು ಯಾರೂ ಇಲ್ಲ. ಸತ್ತರೆ ಅಜ್ಜನ ಹತ್ತಿರ ಇಡಿ ಅನ್ನುವುದು ಬಿಟ್ಟರೆ ಬೇರೆ ಆಸೆಯೂ ಇಲ್ಲ.

"ಬ್ರೂನ ಯಾರು ಅಂತ ಮನೆಯಲ್ಲಿ ಯಾರೂ ಹೇಳಲಿಲ್ಲವೇ?" ಎಂದೆ.

ಸಿಸ್ಟರ್ ಕಿಟಕಿಯ ಕಡೆ ನೋಡಿದರು. "ಅಜ್ಜನ ಮದುವೆ ಸರ್ಟಿಫಿಕೇಟಿನಲ್ಲಿ ಅವನಪ್ಪನ ಅಡ್ಡಹೆಸರು ಬೇರೆ. ಮುತ್ತಜ್ಜಿ ಲೂಯಿಸ ಮಾತ್ರ ಬ್ರೂನನ ಹೆಸರಲ್ಲಿ ಮಣ್ಣಾಗಿದ್ದಾಳೆ. ಗಂಡನನ್ನು ಊರಲ್ಲಿ ಬಿಟ್ಟು ಬೇರೆಯವನ ಜೊತೆ ಬಂದವಳು ಅಂತ ನಮ್ಮಮ್ಮ ಒಮ್ಮೆ ಪಿಸುಗುಟ್ಟಿದ್ದಳು. ಅಜ್ಜನ ಮುಂದೆ ಆ ಹೆಸರು ಎತ್ತುವಂತಿರಲಿಲ್ಲ."

ಲಂಡನ್ನಿನ ಕಡೆಯ ಕೆಲಸ ಕಷ್ಟವಾಗಲಿಲ್ಲ. ಟ್ರಾಮ್ ಹಿಡಿದು ಈಸ್ಟ್ ಕ್ರೋಯ್ಡನ್, ಅಲ್ಲಿಂದ ಲಂಡನ್ ಬ್ರಿಡ್ಜ್, ಮುಂದೆ ದಾಖಲೆ ಕಚೇರಿ. ಪೆನ್ಸಿಲ್ ಬಿಟ್ಟು ಬೇರೇನೂ ಒಳಗೆ ಬಿಡುವುದಿಲ್ಲ. ಅಜ್ಜನಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿದೆ. ಹೋಲ್ಕಮ್ ಆದದ್ದು ಮೊದಲ ಮಹಾಯುದ್ಧದಲ್ಲಿ, ಜರ್ಮನ್ನರ ಅಂಗಡಿ ಗಾಜು ಒಡೆಯುತ್ತಿದ್ದ ದಿನಗಳಲ್ಲಿ. ಅದಕ್ಕೂ ಮುಂಚೆ ಅಂಗಡಿಗಳ ಪಟ್ಟಿಯಲ್ಲಿ ಹೋಲ್ಕ್ಯಾಂಪ್, ಬೇಕರ್. ಜನಗಣತಿಯಲ್ಲಿ ಹೋಲ್ಟ್‌ಕ್ಯಾಂಪರ್. ಮನೆ ಬಾಗಿಲಿಗೆ ಬಂದ ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾನೆ, ಪಾಪ, ಅವನದೇನು ತಪ್ಪು. ಅಗಸ್ಟನ ಮದುವೆಯ ಸರ್ಟಿಫಿಕೇಟಿನಲ್ಲಿ ತಂದೆ ಹೆರ್ಮನ್ ಹೋಲ್ಟ್‌ಕ್ಯಾಂಪರ್. ಲಂಡನ್ನಿನಲ್ಲೇ ಇದ್ದ ಜರ್ಮನ್ ಚರ್ಚಿನ ಪುಸ್ತಕದಲ್ಲಿ ಮೂಲ ರೂಪ ಸಿಕ್ಕಿತು: ಹೋಲ್ಟ್‌ಕೆಂಪರ್, ಊರು ವೆಸ್ಟ್‌ಫಾಲಿಯಾದ ಒಂದು ಹಳ್ಳಿ. ಹೋಲ್ಟ್ ಅಂದರೆ ಅಡವಿ, ಕಾಂಪ್ ಅಂದರೆ ಬೇಲಿ ಹಾಕಿದ ಹೊಲ. ಅಡವಿ ಪಕ್ಕದ ಹೊಲದವರು ಎಂದರ್ಥ. ನಮ್ಮ ಕಡೆಯ ತೋಟದ, ಹೊಸಮನಿ ಅಡ್ಡಹೆಸರುಗಳಿದ್ದಂತೆಯೇ ಎಂದು ನಕ್ಕು ಬರೆದುಕೊಂಡೆ. ನಕ್ಕು ಅಲ್ಲಿಗೇ ಬಿಟ್ಟೆ, ಅದೇ ನಾನು ಮಾಡಿದ ದಡ್ಡತನ.

ಅದೇ ಚರ್ಚಿನ ಪುಸ್ತಕದಲ್ಲಿ ಹೆರ್ಮನ್ ಬ್ರೂನನ ಸಾವೂ ದಾಖಲಾಗಿತ್ತು. ಜರ್ಮನ್ ಪಾದ್ರಿಗಳದ್ದು ಒಂದು ಶಿಸ್ತು. ಸತ್ತವರ ವಯಸ್ಸನ್ನು ಇಷ್ಟು ವರ್ಷ, ಇಷ್ಟು ತಿಂಗಳು, ಇಷ್ಟು ದಿನ ಎಂದು ಬರೆಯುತ್ತಾರೆ. ಅರವತ್ತನಾಲ್ಕು ವರ್ಷ, ಮೂರು ತಿಂಗಳು, ಹನ್ನೊಂದು ದಿನ ಎಂದಿತ್ತು.

ಅಗಸ್ಟನ ತಂದೆಯೂ ಹೆರ್ಮನ್, ಸಮಾಧಿಯ ಹಕ್ಕುದಾರನೂ ಹೆರ್ಮನ್. ಇಬ್ಬರೂ ಒಬ್ಬನೇ ಎಂದು ನನಗೆ ಮೊದಲ ದಿನವೇ ಅನಿಸಿತ್ತು. ಅನಿಸಿದ್ದನ್ನು ಆಫೀಸಿನವರು ತೆಗೆದುಕೊಳ್ಳುವುದಿಲ್ಲವಲ್ಲ! ಅಂತರ್ಜಾಲದಲ್ಲಿ ಹಾಕಿರುವ ಆ ಹಳ್ಳಿಯ ಚರ್ಚಿನ ಪುಸ್ತಕಗಳನ್ನು ತೆರೆದು ಕೂತೆ. ಕೈಬರಹ ಓದುವುದಕ್ಕೆ ನನ್ನದೊಂದು ಕ್ರಮವಿದೆ. ಒಬ್ಬೊಬ್ಬ ಪಾದ್ರಿಗೂ ಒಂದೊಂದು ಹಾಳೆ ಮಾಡಿ, ಅವನು ಬರೆಯುವ ಅಕ್ಷರಗಳನ್ನು ಒಂದರ ಕೆಳಗೊಂದು ನಕಲಿಸುತ್ತೇನೆ. ಅಂಥ ಐದು ಹಾಳೆಯಾದ ಮೇಲೆ ಅಗಸ್ಟನ ನಾಮಕರಣ ಸಿಕ್ಕಿತು. ತಂದೆ ಹೆರ್ಮನ್ ಹೋಲ್ಟ್‌ಕೆಂಪರ್, ತಾಯಿ ಲೂಯಿಸ. ತಾಯಿಯ ತವರಿನ ಹೆಸರೂ ಹೋಲ್ಟ್‌ಕೆಂಪರ್. ದಾಯಾದಿಗಳಲ್ಲೇ ಮದುವೆಯಾಗಿದ್ದಾರೆ ಎಂದುಕೊಂಡು ಮುಂದೆ ಹೋದೆ.

ಹೆರ್ಮನ್ ಹೋಲ್ಟ್‌ಕೆಂಪರ್ ಹುಟ್ಟಿದ್ದು ಎಲ್ಲಿ? ಆ ಹಳ್ಳಿಯಲ್ಲಿ ಅಂಥ ಹೆಸರಿನ ಕೂಸು ಹುಟ್ಟೇ ಇಲ್ಲ. ಎರಡು ವಾರ ಕಣ್ಣು ಕೆಂಪಾಗುವ ತನಕ ಹುಡುಕಿದೆ. ಕೊನೆಗೆ ಪಕ್ಕದ ಹಳ್ಳಿಯ ಪುಸ್ತಕದಲ್ಲಿ ಒಬ್ಬ ಸಿಕ್ಕಿದ, ಹೆರ್ಮನ್ ಹೋಲ್ಟ್‌ಕೆಂಪರ್, ಅವನ ತಾಯಿಯ ತವರಿನ ಹೆಸರು ಬ್ರೂನ! ಎಲಾ ಇವನ ಎಂದು ಕುರ್ಚಿಯಿಂದ ಎದ್ದೇ ಬಿಟ್ಟೆ. ಲಂಡನ್ನಿಗೆ ಬಂದವನು ತಾಯಿಯ ಹೆಸರಿನಲ್ಲಿ ಸಮಾಧಿ ಕೊಂಡಿದ್ದಾನೆ, ಮುಗಿಯಿತು ಕಥೆ. ಇವನ ಲೆಕ್ಕದಲ್ಲಿ ಸತ್ತಾಗ ಅರವತ್ತಾರಾಗಬೇಕಿತ್ತು, ಚರ್ಚಿನವರು ಅರವತ್ತನಾಲ್ಕು ಬರೆದಿದ್ದಾರೆ. ವಯಸ್ಸಾದವರಿಗೆ ಎರಡು ವರ್ಷ ಹೆಚ್ಚುಕಮ್ಮಿ ನೆನಪಿರುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವರದಿ ಕಳಿಸಿದೆ.

ಸ್ಮಶಾನದ ಅಧಿಕಾರಿ ಮೆತ್ತಗಿನ ದನಿಯ ಮನುಷ್ಯ. ಫೋನಿನಲ್ಲಿ, "ನನಗೆ ಒಪ್ಪಿಗೆಯಾಗುವಂತಿದೆ. ಆ ಅಮ್ಮ ವಕೀಲರ ಮುಂದೆ ಇದು ನಿಜವೆಂದು ಪ್ರಮಾಣ ಮಾಡಿ ಸಹಿ ಹಾಕಲಿ, ಹಕ್ಕು ವರ್ಗಾಯಿಸುತ್ತೇವೆ," ಅಂದರು. ಗುರುವಾರ ಬೆಳಗ್ಗೆಗೆ ವಕೀಲರ ಸಮಯ ಸಿಕ್ಕಿತು. ಸಿಸ್ಟರ್ ಹಾಸ್ಪಿಸ್‌ನಿಂದಲೇ ಫೋನ್ ಮಾಡಿ, "ತಮ್ಮನಿಗೆ ಹೇಳಿದೆ, ನಕ್ಕ," ಅಂದರು.

ಹುಟ್ಟು ಸಿಕ್ಕರೆ ಅದೇ ಊರಿನ ಸಾವಿನ ಪುಸ್ತಕವನ್ನೂ ನೋಡಬೇಕು ಅನ್ನುವುದು ಈ ಕೆಲಸದ ಮೊದಲ ಪಾಠ. ಅವಸರದಲ್ಲಿ ಬಿಟ್ಟಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳುತ್ತಾರೆಯೇ! ಮಂಗಳವಾರ ಮಧ್ಯಾಹ್ನ ಮನಸ್ಸು ತಡೆಯದೆ ಆ ಪುಸ್ತಕ ತೆರೆದೆ. ನಾಲ್ಕನೇ ಪುಟದಲ್ಲಿ ನನ್ನ ಹೆರ್ಮನ್ ಹೋಲ್ಟ್‌ಕೆಂಪರ್ ಸತ್ತು ಮಲಗಿದ್ದ. ಎರಡು ವರ್ಷದ ಕೂಸು, ಗಂಟಲುಮಾರಿ. ತಂದೆ ತಾಯಿಯ ಹೆಸರು, ಮನೆಯ ನಂಬರು ಎಲ್ಲ ಅವೇ.

ಅಯ್ಯೋ ಶಿವನೇ ಅಂದೆ. ನನ್ನ ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ. ಅಧಿಕಾರಿ ಒಪ್ಪಿಯಾಗಿದೆ. ಹಾಸ್ಪಿಸ್‌ನಲ್ಲಿ ಒಬ್ಬ ಮನುಷ್ಯ ನಿಶ್ಚಿಂತೆಯಿಂದ ಮಲಗಿದ್ದಾನೆ. ಆ ಪುಟ ಮುಚ್ಚಿಬಿಟ್ಟರೆ ಯಾರ ಗಂಟೇನು ಹೋಗುತ್ತದೆ? ಖರೇ ಹೇಳುತ್ತೇನೆ, ಒಂದು ಗಂಟೆ ಹೊತ್ತು ನಾನು ಮುಚ್ಚುವ ಮನಸ್ಸಿನಲ್ಲೇ ಇದ್ದೆ. ಆದರೆ ಪ್ರಮಾಣ ಮಾಡುವವಳು ನಾನಲ್ಲ, ಸಿಸ್ಟರ್. ಎಂಬತ್ತನಾಲ್ಕು ವರ್ಷ ನೆಟ್ಟಗೆ ಬದುಕಿದ ಹೆಂಗಸಿನ ಬಾಯಲ್ಲಿ ನನ್ನ ಸುಳ್ಳನ್ನು ತುರುಕುವುದು ನನ್ನಿಂದ ಆಗಲಿಲ್ಲ.

ಬುಧವಾರ ಅವರ ಫ್ಲ್ಯಾಟಿಗೆ ಹೋಗಿ ಎಲ್ಲಾ ಹೇಳಿದೆ. ಅವರ ಮುಖ ಬಿಳಚಿತು.

"ನೀನು ಅದನ್ನು ನೋಡಲೇ ಇಲ್ಲ ಅಂದುಕೋ," ಅಂದರು.

"ನೋಡಿಬಿಟ್ಟೆ, ಸಿಸ್ಟರ್."

"ಅವನ ಹತ್ತಿರ ಮೂರು ವಾರ ಇದೆಯೋ ಇಲ್ಲವೋ. ಆ ಕೂಸು ಸತ್ತು ನೂರೈವತ್ತು ವರ್ಷದ ಮೇಲಾಯಿತು. ಅದು ಬಂದು ಜಗಳ ಆಡುತ್ತದೆಯೇ ನಿನ್ನ ಜೊತೆ?" ದನಿ ಏರಿತು. "ಇವತ್ತಿನ ತನಕ ನಿನಗೇನು ಕೆಲಸವಿತ್ತು? ಮೊದಲೇ ನೋಡಬೇಕಿತ್ತಲ್ಲ!"

ತಪ್ಪು ನನ್ನದು ಅಂದೆ. ಅವರು ಎದ್ದು ಅಡಿಗೆಮನೆಗೆ ಹೋಗಿ ಕೆಟಲ್ ಹಾಕಿದರು, ಅದು ಕುದಿದು ಆರಿದರೂ ಟೀ ಮಾಡಲಿಲ್ಲ. ಬಾಗಿಲಲ್ಲಿ ನಿಂತು, "ನಲವತ್ತು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದೆ. ಕಣ್ಣಾರೆ ನೋಡದ ಜ್ವರವನ್ನು ಚಾರ್ಟಿನಲ್ಲಿ ಬರೆದವಳಲ್ಲ. ಹೊಸ ಹುಡುಗಿಯರು ಬರೆದರೆ ಮನೆಗೆ ಕಳಿಸುತ್ತಿದ್ದೆ," ಅಂದರು. ನನ್ನ ಕೋಟನ್ನು ಎತ್ತಿ ಕೈಗೆ ಕೊಟ್ಟು, "ವಕೀಲರಿಗೆ ನಾನೇ ಫೋನ್ ಮಾಡುತ್ತೇನೆ. ನೀನು ಹೋಗಿ ಕೆಲಸ ಮಾಡು. ತಮ್ಮನಿಗೆ ಏನೂ ಹೇಳುವುದಿಲ್ಲ." ನನ್ನ ಮುಖ ನೋಡದೆ ಬಾಗಿಲು ಹಾಕಿಕೊಂಡರು.

ವರದಿ ತಪ್ಪು, ವಾಪಸ್ಸು ತೆಗೆದುಕೊಳ್ಳುತ್ತಿದ್ದೇನೆ ಎಂದು ಅವತ್ತೇ ಅಧಿಕಾರಿಗೆ ಬರೆದೆ. ಅವರ ಉತ್ತರ ಒಂದೇ ಸಾಲು. ಹೊಸ ಆಧಾರ ಸಿಕ್ಕರೆ ತಿಳಿಸಿ. ಸಿಗದೆ ಬಿಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದೆ. ಸುತ್ತಲಿನ ನಾಲ್ಕು ಹಳ್ಳಿಗಳ ನಾಮಕರಣ ಪುಸ್ತಕಗಳನ್ನು ಒಂದು ಸಾಲೂ ಬಿಡದೆ ಓದಿದೆ. ಅಂಥ ಹೆರ್ಮನ್ ಇನ್ನೊಬ್ಬ ಇರಲೇ ಇಲ್ಲ.

ಆ ಭಾನುವಾರ ನಮ್ಮತ್ತೆ ಊಟದ ಟೇಬಲ್ಲಿಗೆ ಸೌತ್‌ಹಾಲ್‌ನಿಂದ ತಂದ ಅವರೆಕಾಯಿ ಸುರುವಿಕೊಂಡು ಸುಲಿಯುತ್ತಿದ್ದರು. ವಿಜಯಪುರದ ಕಡೆಯವರು, ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. ಬಾಯಿ ಜೋರು. ಇನ್ನೊಂದು ತುದಿಯಲ್ಲಿ ನಾನು ವಂಶವೃಕ್ಷದ ದೊಡ್ಡ ಹಾಳೆ ಹರವಿಕೊಂಡು ಕೂತಿದ್ದೆ.

"ಅಲ್ಲವಾ, ತಿಂಗಳಾತು, ಆ ಸತ್ತ ಮನಷ್ಯಾನ ಬೆನ್ನ ಹತ್ತೀದಿ. ಸಿಕ್ಕನೋ ಇಲ್ಲೋ?" ಅಂದರು.

"ಎಲ್ಲಿ ಹುಟ್ಟಿದಾನೋ ಸಿಗವಲ್ಲದು ಅತ್ತಿ. ಆ ಊರಾಗೂ ಹುಟ್ಟಿಲ್ಲ, ಆಜೂಬಾಜೂ ಊರಾಗೂ ಹುಟ್ಟಿಲ್ಲ."

"ಹೆಂಡ್ತಿ ಯಾವೂರಾಕಿ?"

"ಆಕಿ ಅದ ಊರಾಕಿ. ಆಕೀದೂ ತವರಮನಿ ಹೆಸರು ಹೋಲ್ಟ್‌ಕೆಂಪರ್. ಇಬ್ಬರದೂ ಒಂದ ಅಡ್ಡಹೆಸರು."

ಅತ್ತೆಯ ಕೈ ನಿಂತಿತು. "ಆಕಿಗೆ ಅಣ್ಣತಮ್ಮರು ಅದಾರೇನು?"

ನೋಡಿದೆ. ಇರಲಿಲ್ಲ. ಇದ್ದಿಬ್ಬರೂ ಕೂಸಿದ್ದಾಗಲೇ ಹೋಗಿದ್ದರು.

"ಮತ್ತ ಅಂವ ಮನಿ ಅಳಿಯಾ ಅದಾನಲ್ಲ!" ಅತ್ತೆ ನಕ್ಕರು. "ಹೊಲಾ ಮನಿ ಆಕೀದು, ಹೆಸರೂ ಆಕೀದ. ಅಂವ ಬ್ಯಾರೆ ಹೆಸರಿನಾಗ ಹುಟ್ಟಿರತಾನ. ಬಗಲಾಗ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ಲಂತ ಒಬ್ಬಾಕಿ, ಹಂಗಾತು ನಿಂದು. ನಿಮ್ಮಜ್ಜ ಹುಟ್ಟಿದ್ದು ಯಾರ ಮನ್ಯಾಗ? ಸತ್ತಿದ್ದು ಯಾರಾಗಿ?"

ನನ್ನ ತಾಯಿಯ ಅಪ್ಪ ಹುಟ್ಟಿದ್ದು ಅಂಗಡಿ ಎಂಬ ಅಡ್ಡಹೆಸರಿನವರ ಮನೆಯಲ್ಲಿ. ಗಂಡುಮಕ್ಕಳಿಲ್ಲದ ಹೊಸಮನಿಯವರ ಮನೆಗೆ ಅಳಿಯನಾಗಿ ಬಂದವನು ಸಾಯುವ ತನಕ ಹೊಸಮನಿ ಅಜ್ಜನೇ. ಪಂಚಾಯಿತಿಯ ಆಸ್ತಿ ಉತಾರದಲ್ಲೂ ಅದೇ ಹೆಸರು. ಆ ಮನೆಯಲ್ಲಿ ಉಂಡು ಬೆಳೆದ ನಾನು, ಗಂಡಿನ ಹೆಸರು ಅಪ್ಪನಿಂದಲೇ ಬರಬೇಕು ಎಂದು ಒಂದು ತಿಂಗಳು ಮಣ್ಣು ಅಗೆದಿದ್ದೆ. ಜರ್ಮನ್ ಓದಲು ಬರುತ್ತಿತ್ತು, ಆ ಮೂಲೆಯ ಒಕ್ಕಲುತನದ ರೀತಿ ಗೊತ್ತಿರಲಿಲ್ಲ. ಗೊತ್ತಿದ್ದ ನಮ್ಮ ರೀತಿಯೂ ನೆನಪಿಗೆ ಬರಲಿಲ್ಲ. ಅತ್ತೆಯ ಕೆನ್ನೆಗೆ ಮುತ್ತು ಕೊಟ್ಟೆ. "ಸರೀ ಅತ್ಲಾಗ, ಕಾಯಿ ಸುಲಿಯಾಕ ಬಾ ಅಂದ್ರ ಬರಾಂಗಿಲ್ಲ," ಎಂದು ಬೈಸಿಕೊಂಡೆ.

ಹಾಗಾದರೆ ಹುಡುಕಬೇಕಾದದ್ದು ಹೆರ್ಮನ್ ಬ್ರೂನನ ಹುಟ್ಟನ್ನು. ಲಂಡನ್ನಿನ ಪಾದ್ರಿ ಬರೆದ ವಯಸ್ಸನ್ನು ಈ ಸಲ ಗೌರವದಿಂದ ಎತ್ತಿಕೊಂಡೆ. ಸತ್ತ ತಾರೀಖಿನಿಂದ ಅರವತ್ತನಾಲ್ಕು ವರ್ಷ ಕಳೆದೆ, ಮೂರು ತಿಂಗಳು ಕಳೆದೆ, ಹನ್ನೊಂದು ದಿನ ಕಳೆದೆ. ಬಂದ ತಾರೀಖನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ, ಲೂಯಿಸಳ ಹಳ್ಳಿಯ ಪುಸ್ತಕದಲ್ಲಿ ಆ ತಿಂಗಳ ಪುಟ ತೆರೆದೆ. ಹೆರ್ಮನ್ ಬ್ರೂನ, ಜಮೀನಿಲ್ಲದ ಕೂಲಿಯವನ ಎರಡನೆಯ ಮಗ. ಹುಟ್ಟಿದ ದಿನ ಚೀಟಿಯಲ್ಲಿದ್ದ ದಿನವೇ. ಒಂದು ದಿನವೂ ಆಚೀಚೆ ಇಲ್ಲ.

ಇನ್ನು ಬೇಕಾದದ್ದು ಮದುವೆಯ ದಾಖಲೆ. ಅದೇ ಪುಸ್ತಕ ಅಂತರ್ಜಾಲದಲ್ಲಿ ಇರಲಿಲ್ಲ, ನನ್ನ ಹಣೆಬರಹ! ಅಲ್ಲಿನ ಚರ್ಚಿನ ದಾಖಲೆ ಕೋಣೆಗೆ ಪತ್ರ ಹಾಕಿದೆ. ಸರದಿ ಪ್ರಕಾರ ಎಂಟು ವಾರ ಎಂದು ಉತ್ತರ ಬಂತು. ಅದೇ ದಿನ ಸಿಸ್ಟರ್ ಫೋನ್ ಮಾಡಿ, ಅವನು ಊಟ ಬಿಟ್ಟಿದ್ದಾನೆ ಎಂದಷ್ಟೇ ಹೇಳಿ ಇಟ್ಟರು.

ನಾನು ಜರ್ಮನಿಗೆ ಫೋನ್ ಹಚ್ಚಿದೆ. ಎತ್ತಿದ ಹೆಂಗಸು ನಿಯಮ ನಿಯಮವೇ ಅಂದಳು. ಮರುದಿನ ಮತ್ತೆ ಹಚ್ಚಿದೆ. ಮೂರನೆಯ ದಿನ ನನ್ನ ದನಿ ಕೇಳಿದ ಕೂಡಲೇ ನಿಟ್ಟುಸಿರು ಬಿಟ್ಟು, "ನೀವು ಬಿಡುವವರಲ್ಲ. ಮನೆಯ ನಂಬರು ಹೇಳಿ," ಅಂದಳು. ಅಗಸ್ಟನ ನಾಮಕರಣದಲ್ಲಿ ಬರೆದಿದ್ದಂತೆ ಹದಿನಾಲ್ಕು ಅಂದೆ. ಅಳಿಯ ಮನೆಯ ಹೆಸರು ತೆಗೆದುಕೊಂಡಿರಬೇಕು ಎಂದು ವಿವರಿಸಲು ಹೊರಟರೆ ಅವಳು ನಕ್ಕಳು. "ನಮ್ಮಲ್ಲಿ ಹೆಸರು ಮನುಷ್ಯನದಲ್ಲ, ಹೊಲದ್ದು. ಹೊಲಕ್ಕೆ ಬಂದವನು ಹೊಲದ ಹೆಸರಿನವನು. ಹೊಲ ಮಾರಿ ಹೋದವರಲ್ಲಿ ಕೆಲವರು ಹುಟ್ಟಿದ ಹೆಸರಿಗೆ ವಾಪಸ್ಸಾಗುತ್ತಿದ್ದರು. ಮಕ್ಕಳಿಗೆ ಮಾತ್ರ ನಾಮಕರಣದ ಹೆಸರೇ ಉಳಿಯುತ್ತಿತ್ತು." ಈ ಮಾತು ಮೊದಲ ದಿನವೇ ನನಗೆ ಯಾರಾದರೂ ಹೇಳಿದ್ದರೆ ಎಂದುಕೊಂಡೆ. ಕೇಳಿದವಳೂ ನಾನಲ್ಲ, ಬಿಡಿ.

ಮರುದಿನ ಬೆಳಗ್ಗೆ ಪುಟದ ಚಿತ್ರ ಬಂತು. ಹೊಸ ಪಾದ್ರಿ, ಹೊಸ ಕೈಬರಹ, ಹಾಗಾಗಿ ಮತ್ತೊಂದು ಅಕ್ಷರದ ಹಾಳೆ. ಅವಸರ ಮಾಡಲಿಲ್ಲ, ಒಂದೊಂದೇ ಅಕ್ಷರ ಕೂಡಿಸಿದೆ. ಕೂಲಿಯವನ ಮಗ ಹೆರ್ಮನ್ ಬ್ರೂನ, ಹದಿನಾಲ್ಕನೇ ನಂಬರಿನ ವಾರಸುದಾರಳಾದ ಲೂಯಿಸ ಹೋಲ್ಟ್‌ಕೆಂಪರಳನ್ನು ಮದುವೆಯಾಗಿ, ಆ ಮನೆಯ ಹೆಸರನ್ನು ಧರಿಸುತ್ತಾನೆ. ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಇನ್ನೊಂದು ಸಾಲು. ಹೊಲ ಮಾರಾಟವಾಗಿ, ಗಂಡ ಹೆಂಡತಿ ಮಗ ಮೂವರೂ ಇಂಗ್ಲೆಂಡಿಗೆ ಹೋದರು.

ಗಂಡನನ್ನು ಬಿಟ್ಟು ಬಂದವಳಲ್ಲ ಲೂಯಿಸ. ಗಂಡನ ಜೊತೆಯಲ್ಲೇ ಬಂದಿದ್ದಳು. ನನಗೆ ಅಳು ಬಂತು, ಯಾರೋ ಏನೋ, ಆದರೂ ಬಂತು. ಸಾವಿನ ಪುಸ್ತಕ ಎರಡು ಸಲ ನೋಡಿದೆ. ಹೆರ್ಮನ್ ಬ್ರೂನ ಎಂಬ ಹೆಸರಿನವರು ಯಾರೂ ಆ ಹಳ್ಳಿಯಲ್ಲಿ ಸತ್ತಿರಲಿಲ್ಲ.

ಅಧಿಕಾರಿ ವರದಿಯನ್ನು ಒಂದು ದಿನ ಇಟ್ಟುಕೊಂಡರು. ಫೋನಿನಲ್ಲಿ, "ಮೊದಲನೆಯದನ್ನು ನೀವೇ ವಾಪಸ್ಸು ತೆಗೆದುಕೊಂಡಿರಿ, ಅದಕ್ಕೇ ಇದನ್ನು ನಂಬುತ್ತೇನೆ," ಅಂದರು. ಸಿಸ್ಟರ್ ವಕೀಲರ ಮುಂದೆ ಪ್ರಮಾಣ ಮಾಡಿ ಸಹಿ ಹಾಕುವಾಗ ನಾನು ಪಕ್ಕದಲ್ಲೇ ಇದ್ದೆ. ಪ್ರತಿ ಸಾಲನ್ನೂ ಬೆರಳಿಟ್ಟು ಓದಿದರು. ಅಲ್ಲಿಂದ ಟ್ಯಾಕ್ಸಿಯಲ್ಲಿ ನೇರ ಹಾಸ್ಪಿಸ್‌ಗೆ ಹೋದೆವು.

ಸಿಸ್ಟರ್ ಅವರ ತಮ್ಮ ಎಲುಬಿನ ಹಂದರವಾಗಿದ್ದರು. ಸಿಸ್ಟರ್ ಅವರ ಕಿವಿಯ ಹತ್ತಿರ ಬಾಗಿ, ಅಜ್ಜನ ಹತ್ತಿರ ಜಾಗ ಆಯಿತು ಅಂದರು. ಆಮೇಲೆ ಬ್ರೂನ ಯಾರೆಂದು ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದರು. ಅವರು ಕಣ್ಣು ಮುಚ್ಚಿಯೇ ಕೇಳಿಸಿಕೊಂಡರು. ನಿದ್ದೆ ಹೋದರು ಅಂದುಕೊಂಡೆವು.

"ನಿನಗೆ ಗೊತ್ತಿಲ್ಲ," ಅಂದರು ಕೊನೆಗೆ, ಉಸಿರು ಎಳೆದುಕೊಳ್ಳುತ್ತ. "ಸ್ಮಶಾನಕ್ಕೆ ನನ್ನನ್ನು ಕರೆದುಕೊಂಡು ಹೋದಾಗ ಅಜ್ಜ ಬ್ರೂನ, ಬ್ರೂನ ಅಂತ ಅಳುತ್ತಿದ್ದ. ನಾಚಿಕೆಯಿಂದ ಅಳುತ್ತಾನೆ ಅಂದುಕೊಂಡು ನಾನು ಯಾರಿಗೂ ಹೇಳಲಿಲ್ಲ. ಅಪ್ಪನಿಗಾಗಿ ಅಳುತ್ತಿದ್ದನಲ್ಲೇ ಅಕ್ಕ."

ಸಿಸ್ಟರ್ ತಮ್ಮನ ಎದೆಯ ಮೇಲೆ ಹಣೆ ಇಟ್ಟು ಅತ್ತರು. ನಾನು ಹೊರಗೆ ಬಂದೆ.

ಮೂರನೆಯ ದಿನ ತಮ್ಮ ತೀರಿಕೊಂಡರು. ಎರಡು ವಾರ ಬಿಟ್ಟು ಮಣ್ಣಿಗೆ ನಾನೂ ಅತ್ತೆಯೂ ಹೋದೆವು. ಹಗ್ಗದಲ್ಲಿ ಪೆಟ್ಟಿಗೆ ಇಳಿದು ಕೆಳಗೆ ತಾಕಿದ ಸದ್ದು ಕೇಳಿಸಿತು. ಸಿಸ್ಟರ್ ಅಂಚಿಗೆ ಹೋಗಿ ಬಗ್ಗಿ ನೋಡಿದರು. "ಅಂತೂ ಅಜ್ಜನ ತೊಡೆ ಏರಿ ಕೂತೆಯಲ್ಲೋ, ತುಂಟ," ಎಂದು ಒಂದು ಹಿಡಿ ಮಣ್ಣು ಹಾಕಿದರು.